ಎಬ್ಬಿಸುವ ಕೂಗು ರೂಟರ್ ದಾಟಬೇಕೇಕೆ?

ಆಫಾಗಿರುವ ಕಂಪ್ಯೂಟರನ್ನು ದೂರದಿಂದಲೇ ಆನ್ ಮಾಡುವ ವೇಕ್-ಆನ್-ಲ್ಯಾನ್ ಸೌಲಭ್ಯದ ಬಗ್ಗೆ ಪದೇ ಪದೇ ಕೇಳಿಬರುವ ದೂರೊಂದಿದೆ. ಪಕ್ಕದ ಮೇಜಿನಿಂದ ಕರೆ ಕಳಿಸಿದರೆ ಯಂತ್ರ ಎದ್ದೇಳುತ್ತದೆ. ಬೇರೆ ಮಹಡಿಯಿಂದಲೋ ಬೇರೆ ಕಟ್ಟಡದಿಂದಲೋ ಕಳಿಸಿದರೆ ಕದಲುವುದಿಲ್ಲ. ಕೆಲವು ಕಡೆ ಸಂಜೆ ಏಳುವ ಯಂತ್ರ ಮರುದಿನ ಬೆಳಿಗ್ಗೆ ಏಳುವುದಿಲ್ಲ. ದೂರು ಬಂದ ಕೂಡಲೇ ತಂತ್ರಜ್ಞರು ಬಯಾಸ್ ತೆರೆದು ನೋಡುತ್ತಾರೆ, ಡ್ರೈವರ್ ಹೊಸದಾಗಿ ಹಾಕುತ್ತಾರೆ, ಯಾವುದೂ ಫಲಿಸದಿದ್ದರೆ ನೆಟ್‌ವರ್ಕ್ ಕಾರ್ಡನ್ನೇ ಬದಲಿಸುತ್ತಾರೆ. ಪಕ್ಕದ ಮೇಜಿನ ಕರೆಗೆ ಎದ್ದ ಯಂತ್ರದೊಳಗೆ ದೋಷ ಹುಡುಕುವುದು ವ್ಯರ್ಥ ಶ್ರಮ. ಕರೆ ನಿಂತುಹೋದದ್ದು ದಾರಿಯಲ್ಲಿ, ಮತ್ತು ಹೆಚ್ಚಿನ ಸಲ ಅದನ್ನು ನಿಲ್ಲಿಸಿದ ರೂಟರ್ ತನಗೆ ವಹಿಸಿದ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ. ಆದ್ದರಿಂದ ಎಬ್ಬಿಸುವ ಪ್ಯಾಕೆಟ್ಟನ್ನು ಹೇಗಾದರೂ ಮಾಡಿ ರೂಟರ್ ದಾಟಿಸಲು ಹೆಣಗುವುದನ್ನು ಬಿಟ್ಟು, ಎಬ್ಬಿಸಿ ಎಂಬ ಕೋರಿಕೆಯನ್ನು ಮಾತ್ರ ದಾಟಿಸಬೇಕು. ಪ್ಯಾಕೆಟ್ ಮಲಗಿದ ಯಂತ್ರವಿರುವ ಜಾಲದ ಒಳಗೇ ಹುಟ್ಟಬೇಕು ಎಂಬುದು ಈ ಲೇಖನದ ವಾದ. ಹಾಗೇಕೆ ಎಂದು ತಿಳಿಯಲು ಮಲಗಿದ ಕಂಪ್ಯೂಟರ್ ಏನನ್ನು ಕೇಳಿಸಿಕೊಳ್ಳಬಲ್ಲದು ಎಂಬಲ್ಲಿಂದ ಹೊರಡಬೇಕು.

ಎಎಂಡಿ ಕಂಪನಿ 1995ರ ನವೆಂಬರ್‌ನಲ್ಲಿ ಹೊರತಂದ ತಾಂತ್ರಿಕ ಪತ್ರವೊಂದರಲ್ಲಿ ಮ್ಯಾಜಿಕ್ ಪ್ಯಾಕೆಟ್ ಎಂಬ ವಿಧಾನವನ್ನು ವಿವರಿಸಿತ್ತು. ಅದನ್ನು ವೇಕ್-ಆನ್-ಲ್ಯಾನ್ ಎಂಬ ಹೆಸರಿನಲ್ಲಿ ಕಚೇರಿಯ ಕಂಪ್ಯೂಟರ್‌ಗಳಿಗೆ ತಂದದ್ದು 1997ರಲ್ಲಿ, ಐಬಿಎಂ ಮತ್ತು ಇಂಟೆಲ್ ಸೇರಿ. ಆ ಪ್ಯಾಕೆಟ್ಟಿನ ರಚನೆ ಬಹಳ ಸರಳ. ಮೊದಲಿಗೆ ಎಲ್ಲ ಬಿಟ್‌ಗಳೂ 1 ಆಗಿರುವ 6 ಬೈಟ್. ಅದರ ಬೆನ್ನಿಗೆ ಎಬ್ಬಿಸಬೇಕಾದ ನೆಟ್‌ವರ್ಕ್ ಕಾರ್ಡಿನ 6 ಬೈಟ್ ಉದ್ದದ ಮ್ಯಾಕ್ ವಿಳಾಸ, ಒಂದರ ಹಿಂದೆ ಒಂದು 16 ಸಲ. ಒಟ್ಟು 102 ಬೈಟ್. ಕಂಪ್ಯೂಟರ್ ಮಲಗಿರುವಾಗ ಪ್ರೊಸೆಸರ್ ಕೆಲಸ ಮಾಡುತ್ತಿರುವುದಿಲ್ಲ, ಆಪರೇಟಿಂಗ್ ಸಿಸ್ಟಂ ಇರುವುದಿಲ್ಲ. ಪವರ್ ಸಪ್ಲೈ ಕೊಡುವ ಅಲ್ಪ ವಿದ್ಯುತ್ತಿನಲ್ಲಿ ಕಾರ್ಡೊಂದೇ ಎಚ್ಚರವಿದ್ದು, ತಂತಿಯಲ್ಲಿ ಬಂದ ಪ್ರತಿಯೊಂದು ಫ್ರೇಮಿನಲ್ಲೂ ಈ ನಮೂನೆ ಇದೆಯೇ ಎಂದು ನೋಡುತ್ತದೆ. ಇದ್ದರೆ ಮದರ್‌ಬೋರ್ಡಿಗೆ ಸೂಚನೆ ಕೊಡುತ್ತದೆ. ಪ್ಯಾಕೆಟ್ ಯಾವ ಐಪಿ ವಿಳಾಸಕ್ಕೆ ಬಂದಿದೆ, ಯಾವ ಪೋರ್ಟಿಗೆ ಬಂದಿದೆ ಎಂಬುದು ಅದಕ್ಕೆ ಬೇಕಿಲ್ಲ. ಯುಡಿಪಿ 7 ಅಥವಾ 9ನೆಯ ಪೋರ್ಟನ್ನು ಬಳಸುವುದು ರೂಢಿಯಷ್ಟೆ. ಯುಡಿಪಿ, ಐಪಿ ಎರಡೂ ಇಲ್ಲದ ಬರಿಯ ಈಥರ್‌ನೆಟ್ ಫ್ರೇಮಿನಲ್ಲಿ ಕಳಿಸಿದರೂ ಯಂತ್ರ ಏಳುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ: ಮಲಗಿದ ಕಂಪ್ಯೂಟರಿಗೆ ಐಪಿ ವಿಳಾಸವೇ ಇಲ್ಲ. ಆ ವಿಳಾಸವನ್ನು ಹಿಡಿದಿಟ್ಟುಕೊಳ್ಳುವ ತಂತ್ರಾಂಶ ಆ ಹೊತ್ತಿಗೆ ಓಡುತ್ತಿಲ್ಲ.

ಜಾಲಗಳ ನಡುವಿನ ತೊಡಕು ಹುಟ್ಟುವುದು ಇಲ್ಲಿಂದ. ಒಂದೇ ವಿಲ್ಯಾನ್‌ನಲ್ಲಿರುವ, ಅಂದರೆ ಜಾಲದ ಒಂದೇ ಉಪವಿಭಾಗದಲ್ಲಿರುವ ಯಂತ್ರಗಳು ಮ್ಯಾಕ್ ವಿಳಾಸದ ಮೇಲೆ ಮಾತಾಡಿಕೊಳ್ಳುತ್ತವೆ. ಬೇರೆ ಬೇರೆ ವಿಲ್ಯಾನ್‌ಗಳ ನಡುವೆ ರೂಟರ್ ಅಥವಾ ಲೇಯರ್-3 ಸ್ವಿಚ್ ನಿಂತು ಐಪಿ ವಿಳಾಸ ನೋಡಿ ದಾಟಿಸುತ್ತದೆ. ಒಂದೇ ಜಾಲದೊಳಗೆ ಮ್ಯಾಜಿಕ್ ಪ್ಯಾಕೆಟ್ಟನ್ನು ಬ್ರಾಡ್‌ಕಾಸ್ಟ್ ಆಗಿ ಕಳಿಸುವುದು ಊರಿನಲ್ಲಿ ಡಂಗುರ ಸಾರಿದ ಹಾಗೆ. ಮನೆಮನೆಗೂ ಕೇಳಿಸುತ್ತದೆ, ಹೆಸರಿರುವವನು ಎದ್ದು ಬರುತ್ತಾನೆ, ಊರ ಗಡಿಯಾಚೆಗೆ ಸದ್ದು ಹೋಗುವುದಿಲ್ಲ. 255.255.255.255 ಎಂಬ ವಿಳಾಸಕ್ಕೆ ಕಳಿಸಿದ ಪ್ಯಾಕೆಟ್ಟನ್ನು ಯಾವ ರೂಟರೂ ದಾಟಿಸುವುದಿಲ್ಲ, ದಾಟಿಸಲೂ ಕೂಡದು. ಹಾಗೆ ದಾಟಿಸಿದ್ದರೆ ಒಂದು ಮೂಲೆಯ ಕೂಗು ಇಡೀ ಸಂಸ್ಥೆಯ ಪ್ರತಿ ಯಂತ್ರಕ್ಕೂ ಬಡಿಯುತ್ತಿತ್ತು, ಜಾಲವನ್ನು ವಿಲ್ಯಾನ್‌ಗಳಾಗಿ ಒಡೆದ ಉದ್ದೇಶವೇ ಮಣ್ಣುಪಾಲಾಗುತ್ತಿತ್ತು. ಹಣಕಾಸು ವಿಭಾಗದ ಯಂತ್ರಗಳು ಒಂದು ಕಡೆ, ಪ್ರಯೋಗಾಲಯದವು ಇನ್ನೊಂದು ಕಡೆ, ಕ್ಯಾಮೆರಾಗಳು ಮತ್ತೊಂದು ಕಡೆ ಇರಲಿ ಎಂದು ಬೇಕೆಂದೇ ಗಡಿ ಹಾಕಿಕೊಂಡ ಮೇಲೆ, ಆ ಗಡಿ ಕೆಲಸ ಮಾಡುತ್ತಿದೆ ಎಂದು ದೂರುವುದರಲ್ಲಿ ಹುರುಳಿಲ್ಲ.

ಗಡಿಯಾಚೆಯಿಂದ ಒಳಗಿನ ಎಲ್ಲರಿಗೂ ಕೇಳಿಸುವಂತೆ ಕೂಗಲು ಒಂದು ಅಧಿಕೃತ ದಾರಿ ಹಿಂದಿನಿಂದಲೂ ಇತ್ತು. ಅದರ ಹೆಸರು ಡೈರೆಕ್ಟೆಡ್ ಬ್ರಾಡ್‌ಕಾಸ್ಟ್. ಮಲಗಿದ ಯಂತ್ರ 192.168.20.0 ಎಂಬ, 24 ಬಿಟ್ ಮಾಸ್ಕ್ ಇರುವ ಜಾಲದಲ್ಲಿದ್ದರೆ 192.168.20.255ಕ್ಕೆ ಕಳಿಸಿದ ಪ್ಯಾಕೆಟ್ ಸಾಮಾನ್ಯ ಪ್ಯಾಕೆಟ್ಟಿನಂತೆ ರೂಟರ್‌ಗಳನ್ನು ದಾಟಿ ಬಂದು, ಕೊನೆಯ ರೂಟರಿನಲ್ಲಿ ಬ್ರಾಡ್‌ಕಾಸ್ಟ್ ಆಗಿ ಅರಳುತ್ತದೆ. 1995ರಲ್ಲಿ ಬಂದ ಆರ್‌ಎಫ್‌ಸಿ 1812, ಅಂದರೆ ಐಪಿ ರೂಟರ್‌ಗಳು ಹೇಗಿರಬೇಕೆಂದು ಹೇಳುವ ದಾಖಲೆ, ಇದನ್ನು ಡಿಫಾಲ್ಟ್ ಆಗಿ ಬಿಡಬೇಕು ಎಂದೇ ಹೇಳಿತ್ತು. ಆ ಔದಾರ್ಯದ ದುರುಪಯೋಗಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ದಾಳಿಕೋರನು ಬಲಿಪಶುವಿನ ವಿಳಾಸವನ್ನು ತನ್ನದೆಂದು ಸುಳ್ಳು ಬರೆದು ಒಂದು ಪಿಂಗ್ ಪ್ಯಾಕೆಟ್ಟನ್ನು ಯಾವುದೋ ದೊಡ್ಡ ಜಾಲದ ಡೈರೆಕ್ಟೆಡ್ ಬ್ರಾಡ್‌ಕಾಸ್ಟ್ ವಿಳಾಸಕ್ಕೆ ಕಳಿಸಿದರೆ ಸಾಕು, ಅಲ್ಲಿನ ನೂರಾರು ಯಂತ್ರಗಳು ಒಟ್ಟಿಗೆ ಆ ಬಲಿಪಶುವಿಗೆ ಉತ್ತರ ಕಳಿಸುತ್ತಿದ್ದವು. ಸ್ಮರ್ಫ್ ಎಂದು ಹೆಸರಾದ ಈ ದಾಳಿಯ ಬಗ್ಗೆ ಅಮೆರಿಕದ ಸರ್ಟ್ ಸಂಸ್ಥೆ 1998ರ ಜನವರಿಯಲ್ಲಿ ಎಚ್ಚರಿಕೆ ಹೊರಡಿಸಿತು. 1999ರ ಆಗಸ್ಟ್‌ನಲ್ಲಿ ಬಂದ ಆರ್‌ಎಫ್‌ಸಿ 2644 ಹಳೆಯ ನಿಯಮವನ್ನು ತಿರುಗಿಸಿ, ಡೈರೆಕ್ಟೆಡ್ ಬ್ರಾಡ್‌ಕಾಸ್ಟನ್ನು ಡಿಫಾಲ್ಟ್ ಆಗಿ ತಡೆಯಬೇಕು ಎಂದಿತು. ಸಿಸ್ಕೊ ಕಂಪನಿ ತನ್ನ ಐಒಎಸ್ 12.0 ಆವೃತ್ತಿಯಿಂದ ಹಾಗೆಯೇ ಮಾಡಿತು. ಲಿನಕ್ಸ್ ಅಂತೂ ಇದನ್ನು ದಾಟಿಸುವ ಸೆಟ್ಟಿಂಗನ್ನು ಕೊಟ್ಟದ್ದೇ 2018ರ 4.19 ಕರ್ನಲ್‌ನಲ್ಲಿ. ಹೀಗೆ ಇಂದಿನ ರೂಟರ್ ಮ್ಯಾಜಿಕ್ ಪ್ಯಾಕೆಟ್ಟನ್ನು ಬಿಸಾಡುವುದರ ಹಿಂದೆ ಕಹಿ ಅನುಭವದ ಇತಿಹಾಸವಿದೆ.

ಹಾಗಿದ್ದರೆ ಬ್ರಾಡ್‌ಕಾಸ್ಟ್ ಏಕೆ, ಯಂತ್ರದ ಐಪಿ ವಿಳಾಸಕ್ಕೇ ನೇರವಾಗಿ ಕಳಿಸಿದರಾಯಿತಲ್ಲ ಎಂಬ ಪ್ರಶ್ನೆ ಸಹಜ. ಸಂಜೆ ಏಳುವ ಯಂತ್ರ ಬೆಳಿಗ್ಗೆ ಏಳದಿರುವ ಒಗಟಿಗೆ ಉತ್ತರ ಸಿಗುವುದು ಈ ಪ್ರಶ್ನೆಯಲ್ಲೇ. ಐಪಿ ವಿಳಾಸಕ್ಕೆ ಬಂದ ಪ್ಯಾಕೆಟ್ಟನ್ನು ಕೊನೆಯ ರೂಟರ್ ತಲುಪಿಸಬೇಕಾದರೆ ಆ ಐಪಿಯ ಮ್ಯಾಕ್ ವಿಳಾಸ ಯಾವುದೆಂದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಎಆರ್‌ಪಿ ಮೂಲಕ ಈ ವಿಳಾಸ ಯಾರದು ಎಂದು ಕೇಳುತ್ತದೆ. ಮಲಗಿದ ಯಂತ್ರ ಉತ್ತರಿಸುವುದಿಲ್ಲ. ಪ್ಯಾಕೆಟ್ ಅಲ್ಲೇ ಸಾಯುತ್ತದೆ. ಆದರೆ ಯಂತ್ರ ಆಫ್ ಆಗುವ ಮುನ್ನ ಕೊಟ್ಟಿದ್ದ ಉತ್ತರವನ್ನು ರೂಟರ್ ಸ್ವಲ್ಪ ಕಾಲ ತನ್ನ ಕೋಷ್ಟಕದಲ್ಲಿ ಇಟ್ಟುಕೊಂಡಿರುತ್ತದೆ. ಸಿಸ್ಕೊ ಉಪಕರಣಗಳಲ್ಲಿ ಈ ಅವಧಿ ಡಿಫಾಲ್ಟ್ ಆಗಿ 4 ಗಂಟೆ. ಸ್ವಿಚ್‌ನ ಮ್ಯಾಕ್ ಕೋಷ್ಟಕ ಸಾಮಾನ್ಯವಾಗಿ 300 ಸೆಕೆಂಡಿಗೇ ಅಳಿದುಹೋದರೂ, ಗುರುತಿಲ್ಲದ ಮ್ಯಾಕ್‌ಗೆ ಬಂದ ಫ್ರೇಮನ್ನು ಸ್ವಿಚ್ ಆ ವಿಲ್ಯಾನ್‌ನ ಎಲ್ಲ ಪೋರ್ಟುಗಳಿಗೂ ಹಂಚುವುದರಿಂದ ಮಲಗಿದ ಯಂತ್ರಕ್ಕೆ ಅದು ತಲುಪಿಯೇ ತಲುಪುತ್ತದೆ. ಆರು ಗಂಟೆಗೆ ಆಫ್ ಮಾಡಿ ಏಳಕ್ಕೆ ಪರೀಕ್ಷಿಸಿದವರು ಎಲ್ಲವೂ ಸರಿಯಾಗಿದೆ ಎಂದು ಬರೆದಿಟ್ಟು ಮನೆಗೆ ಹೋಗುತ್ತಾರೆ. ರಾತ್ರಿ ಹತ್ತರ ಹೊತ್ತಿಗೆ ಕೋಷ್ಟಕದ ಆ ಸಾಲು ಅಳಿದುಹೋಗಿರುತ್ತದೆ. ಬೆಳಿಗ್ಗೆ ದೂರು ಬರುತ್ತದೆ. ಒಮ್ಮೆ ಏಳುವ, ಒಮ್ಮೆ ಏಳದ ಯಂತ್ರದ ಕಥೆ ಕೇಳಿದಾಗ ಆಫ್ ಮಾಡಿ ಎಷ್ಟು ಹೊತ್ತಾಗಿತ್ತು ಎಂದು ಮೊದಲು ಕೇಳಬೇಕು. ಮಲಗಿದ್ದಾಗಲೂ ಎಆರ್‌ಪಿಗೆ ಉತ್ತರಿಸುವ ಕಾರ್ಡುಗಳೂ ಇವೆ. ಒಂದೇ ಕೋಣೆಯ ಎರಡು ಯಂತ್ರಗಳು ಎರಡು ಬಗೆಯಾಗಿ ನಡೆದುಕೊಂಡರೆ ಅದೂ ಕಾರಣವಾಗಿರಬಹುದು.

ಪರೀಕ್ಷೆಯ ಕ್ರಮ ತುದಿಯಿಂದ ಹೊರಟು ಕಳಿಸುವವನ ಕಡೆಗೆ ಸಾಗಬೇಕು. ಮೊದಲು ಅದೇ ವಿಲ್ಯಾನ್‌ನ ಇನ್ನೊಂದು ಯಂತ್ರದಿಂದ ಕಳಿಸಿ ನೋಡುವುದು, ಅದೂ ಯಂತ್ರ ರಾತ್ರಿಯಿಡೀ ಮಲಗಿದ ಮೇಲೆ. ಆಗಲೂ ಏಳದಿದ್ದರೆ ಮಾತ್ರ ಯಂತ್ರದೊಳಗೆ ಇಣುಕಬೇಕು. ಅಲ್ಲಿನ ಕಾರಣಗಳು ಎಲ್ಲರೂ ಬಲ್ಲವೇ: ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಆನ್ ಆಗಿದ್ದರೆ ಶಟ್‌ಡೌನ್ ಮಾಡುವಾಗ ವಿಂಡೋಸ್ ಕಾರ್ಡನ್ನು ಎಚ್ಚರದ ಸ್ಥಿತಿಯಲ್ಲಿ ಬಿಡುವುದಿಲ್ಲ, ಬಯಾಸ್‌ನಲ್ಲಿ ಇಆರ್‌ಪಿ ಅಥವಾ ಡೀಪ್ ಸ್ಲೀಪ್ ಎಂಬ ಆಯ್ಕೆ ಆನ್ ಇದ್ದರೆ ಕಾರ್ಡಿಗೆ ವಿದ್ಯುತ್ತೇ ಹೋಗುವುದಿಲ್ಲ. ಆಫಾದ ಉಪಕರಣ ಬಳಸುವ ವಿದ್ಯುತ್ತಿಗೆ ಐರೋಪ್ಯ ಒಕ್ಕೂಟ 2010ರಿಂದ 1 ವ್ಯಾಟ್, 2013ರಿಂದ ಅರ್ಧ ವ್ಯಾಟ್ ಮಿತಿ ಹಾಕಿದ್ದರ ಫಲ ಈ ಆಯ್ಕೆ. ಆಫ್ ಆದ ಮೇಲೂ ಕೇಬಲ್ ಸಿಕ್ಕಿಸಿದ ಜಾಗದ ಪುಟ್ಟ ದೀಪ ಉರಿಯುತ್ತಿದೆಯೇ ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಲಿನಕ್ಸ್‌ನಲ್ಲಿ ಈಥ್‌ಟೂಲ್ ಆಜ್ಞೆ ವೇಕ್-ಆನ್ ಸಾಲಿನಲ್ಲಿ ಜಿ ಅಕ್ಷರ ತೋರಿಸಬೇಕು. ಡಿ ತೋರಿಸಿದರೆ ಸೌಲಭ್ಯ ಮುಚ್ಚಿದೆ ಎಂದರ್ಥ.

ಅದೇ ಜಾಲದೊಳಗಿನ ಕರೆಗೆ ಯಂತ್ರ ಎದ್ದರೆ, ಎರಡನೆಯ ಹೆಜ್ಜೆಯಾಗಿ ಆ ವಿಲ್ಯಾನ್‌ನಲ್ಲಿ ಎಚ್ಚರವಿರುವ ಬೇರೊಂದು ಯಂತ್ರದಲ್ಲಿ, ಬಂದ ಪ್ಯಾಕೆಟ್ಟುಗಳನ್ನು ತೋರಿಸುವ ವೈರ್‌ಶಾರ್ಕ್ ತೆರೆದು, ದೂರದ ಜಾಲದಿಂದ ಡೈರೆಕ್ಟೆಡ್ ಬ್ರಾಡ್‌ಕಾಸ್ಟ್ ಕಳಿಸಿ, ಪ್ಯಾಕೆಟ್ ಬಂದಿಳಿಯುತ್ತದೆಯೇ ಎಂದು ನೋಡಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಎಬ್ಬಿಸಬೇಕಾದ ಯಂತ್ರವನ್ನೇ ಆನ್ ಮಾಡಿಟ್ಟು, ಅದರ ಐಪಿಗೆ ಕಳಿಸಿ, ಪ್ಯಾಕೆಟ್ ಬಂದದ್ದನ್ನು ಕಂಡು ದಾರಿ ಸರಿಯಾಗಿದೆ ಎಂದು ತೀರ್ಮಾನಿಸುತ್ತಾರೆ. ಎಚ್ಚರವಿದ್ದ ಯಂತ್ರ ಎಆರ್‌ಪಿಗೆ ಉತ್ತರಿಸಿದ್ದರಿಂದ ಅದು ಬಂತು. ಮಲಗಿದಾಗ ಬರುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಗಲಾರದು. ಇನ್ನೊಂದು ಮೋಸಗೊಳಿಸುವ ಸಂಗತಿ ಸಬ್‌ನೆಟ್ ಮಾಸ್ಕ್. 192.168.20.0 ಜಾಲಕ್ಕೆ 23 ಬಿಟ್ ಮಾಸ್ಕ್ ಇದ್ದರೆ ಅದರ ಬ್ರಾಡ್‌ಕಾಸ್ಟ್ ವಿಳಾಸ 192.168.21.255. ಅಭ್ಯಾಸಬಲದಿಂದ 20.255ಕ್ಕೆ ಕಳಿಸಿದ ಪ್ಯಾಕೆಟ್, ಇಲ್ಲದ ಯಾವುದೋ ಒಂದು ಯಂತ್ರವನ್ನು ಹುಡುಕಿಕೊಂಡು ಹೋಗಿ ಅಳಿಯುತ್ತದೆ. ಕಳಿಸುವ ಕಂಪ್ಯೂಟರಿನಲ್ಲಿ ವಿಪಿಎನ್, ವರ್ಚುವಲ್ ಮೆಷಿನ್ ಮುಂತಾದವುಗಳ ಅಡಾಪ್ಟರ್‌ಗಳು ನಾಲ್ಕೈದು ಇದ್ದರೆ 255.255.255.255ಕ್ಕೆ ಹೊರಟ ಕೂಗು ತಪ್ಪು ಬಾಗಿಲಿನಿಂದ ಹೋಗಿರುವುದೂ ಉಂಟು. ಪ್ಯಾಕೆಟ್ ಹೊರಟಿತೇ ಎಂಬುದನ್ನು ಆ ತುದಿಯಲ್ಲೂ ಕಣ್ಣಾರೆ ನೋಡದೆ ರೂಟರ್ ಮೇಲೆ ಆರೋಪ ಹೊರಿಸಬಾರದು.

ದಾರಿಯನ್ನು ತೆರೆಯಲು ಹೊರಟವರ ಮುಂದೆ ಕೆಲವು ಉಪಾಯಗಳಿರುತ್ತವೆ, ಒಂದೊಂದಕ್ಕೂ ಅದರದೇ ಬೆಲೆಯಿದೆ. ರೂಟರಿನ ಎಆರ್‌ಪಿ ಕೋಷ್ಟಕದಲ್ಲಿ ಪ್ರತಿ ಯಂತ್ರದ ವಿಳಾಸವನ್ನೂ ಶಾಶ್ವತವಾಗಿ ಬರೆದಿಡುವುದು ಒಂದು. ಹತ್ತು ಯಂತ್ರಗಳಿಗೆ ಇದು ಸರಿ, ಐನೂರಕ್ಕೆ ಆಗದು, ಕಾರ್ಡು ಬದಲಾದ ದಿನ ಯಾರಿಗೂ ನೆನಪಿರುವುದಿಲ್ಲ. ಸಿಸ್ಕೊದ ಹೆಲ್ಪರ್-ಅಡ್ರೆಸ್ ಆಜ್ಞೆ ಇನ್ನೊಂದು. ಡಿಎಚ್‌ಸಿಪಿ ಕೋರಿಕೆಗಳನ್ನು ದಾಟಿಸಲು ಬಳಸುವ ಇದನ್ನೇ ಮ್ಯಾಜಿಕ್ ಪ್ಯಾಕೆಟ್ಟಿಗೂ ಬಳಸಬಹುದು, ಆದರೆ 9ನೆಯ ಪೋರ್ಟನ್ನು ಪ್ರತ್ಯೇಕವಾಗಿ ಸೇರಿಸಬೇಕು; ಡಿಫಾಲ್ಟ್ ಪಟ್ಟಿಯಲ್ಲಿ ಅದಿಲ್ಲ. ಅಲ್ಲಿ ಇರುವುದು ಡಿಎನ್‌ಎಸ್, ಟಿಎಫ್‌ಟಿಪಿ, ನೆಟ್‌ಬಯಾಸ್ ಮುಂತಾದ ಸೇವೆಗಳು. ಹೆಲ್ಪರ್ ವಿಳಾಸವಾಗಿ ಇನ್ನೊಂದು ಜಾಲದ ಬ್ರಾಡ್‌ಕಾಸ್ಟ್ ವಿಳಾಸವನ್ನು ಕೊಟ್ಟರೆ, ಬೇಡವೆಂದು ತೆಗೆದುಹಾಕದ ಹೊರತು, ಆ ಸೇವೆಗಳ ಗದ್ದಲವೂ ಜೊತೆಗೆ ಹರಿದುಬರುತ್ತದೆ. ಅಷ್ಟಾಗಿಯೂ ಆಚೆಯ ತುದಿಯ ಇಂಟರ್‌ಫೇಸಿನಲ್ಲಿ ಡೈರೆಕ್ಟೆಡ್ ಬ್ರಾಡ್‌ಕಾಸ್ಟ್ ತೆರೆಯಲೇಬೇಕು.

ಇವೆಲ್ಲವನ್ನೂ ಸರಿಪಡಿಸಿದ ಮೇಲೂ ಯಂತ್ರ ಏಳದಂತೆ ಮಾಡಬಲ್ಲದ್ದು 802.1ಎಕ್ಸ್ ದೃಢೀಕರಣ. ಈ ವ್ಯವಸ್ಥೆಯಿರುವ ಸಂಸ್ಥೆಗಳಲ್ಲಿ ಕಂಪ್ಯೂಟರ್ ತನ್ನ ಗುರುತು ಹೇಳಿದ ಮೇಲೆಯೇ ಸ್ವಿಚ್ ಆ ಪೋರ್ಟನ್ನು ತೆರೆಯುತ್ತದೆ. ಮಲಗಿದ ಯಂತ್ರ ಗುರುತು ಹೇಳಲಾರದು. ಪೋರ್ಟ್ ಮುಚ್ಚಿಕೊಳ್ಳುತ್ತದೆ, ಡೈರೆಕ್ಟೆಡ್ ಬ್ರಾಡ್‌ಕಾಸ್ಟ್ ವಿಲ್ಯಾನ್‌ವರೆಗೆ ಬಂದರೂ ಪೋರ್ಟಿನ ಹೊಸ್ತಿಲಲ್ಲಿ ನಿಲ್ಲುತ್ತದೆ. ಇದನ್ನು ಮುಂಗಂಡೇ ಆ ಮಾನದಂಡದಲ್ಲಿ ಒಂದು ವಿನಾಯಿತಿ ಇಡಲಾಗಿದೆ: ಒಳಬರುವ ಸಂಚಾರವನ್ನು ಮಾತ್ರ ತಡೆದು, ಸ್ವಿಚ್‌ನಿಂದ ಯಂತ್ರದ ಕಡೆಗೆ ಹೋಗುವುದನ್ನು ಬಿಡುವಂತೆ ಪೋರ್ಟನ್ನು ಹೊಂದಿಸಬಹುದು. ಆದರೆ ಗುರುತು ಹೇಳದ ಯಂತ್ರವನ್ನು ಅತಿಥಿ ವಿಲ್ಯಾನ್‌ಗೆ ತಳ್ಳುವ ವ್ಯವಸ್ಥೆ ಇದ್ದರೆ ಆ ವಿನಾಯಿತಿಯೂ ಸಾಲದು. ಹಗಲಿನಲ್ಲಿ ಹಣಕಾಸು ವಿಲ್ಯಾನ್‌ನಲ್ಲಿದ್ದ ಯಂತ್ರ ಮಲಗಿದ ಮೇಲೆ ಅತಿಥಿ ವಿಲ್ಯಾನ್‌ನಲ್ಲಿರುತ್ತದೆ. ಕೂಗು ಹಣಕಾಸು ವಿಲ್ಯಾನ್‌ನಲ್ಲಿ ಕೇಳಿಸುತ್ತಿರುತ್ತದೆ. ರೂಟರಿನ ಲೆಕ್ಕದಲ್ಲಿ ಎಲ್ಲವೂ ಸರಿ. ಇಂಥ ಕಡೆ ಮಲಗಿದ ಯಂತ್ರ ಈಗ ಯಾವ ವಿಲ್ಯಾನ್‌ನಲ್ಲಿದೆ ಎಂದು ಸ್ವಿಚ್‌ನ ಪೋರ್ಟನ್ನೇ ಕೇಳಿ ನೋಡುವುದೊಂದೇ ದಾರಿ.

ಈ ಸಾಕ್ಷ್ಯಗಳೆಲ್ಲ ಒಂದೇ ದಿಕ್ಕಿಗೆ ಕೈತೋರಿಸುತ್ತವೆ. ಜಾಲದ ಪ್ರತಿಯೊಂದು ಪದರವೂ ಅಪರಿಚಿತ ಬ್ರಾಡ್‌ಕಾಸ್ಟನ್ನು ತಡೆಯುವಂತೆ ಇಪ್ಪತ್ತೈದು ವರ್ಷಗಳಿಂದ ಬಿಗಿಯಾಗುತ್ತ ಬಂದಿದೆ, ಇನ್ನೂ ಬಿಗಿಯಾಗಲಿದೆ. ಅದರ ವಿರುದ್ಧ ಈಜುವ ಬದಲು ಪ್ರತಿ ವಿಲ್ಯಾನ್‌ನ ಒಳಗೆ ಸದಾ ಎಚ್ಚರವಿರುವ ಒಂದು ಪ್ರತಿನಿಧಿಯನ್ನು ಇಡಬೇಕು. ದೂರದಲ್ಲಿರುವವರು ಆ ಪ್ರತಿನಿಧಿಗೆ ಸಾಮಾನ್ಯ ಯೂನಿಕಾಸ್ಟ್ ಸಂಪರ್ಕದಲ್ಲಿ, ತಮ್ಮ ಗುರುತು ದೃಢಪಡಿಸಿ, ಇಂಥ ಯಂತ್ರವನ್ನು ಎಬ್ಬಿಸು ಎಂದು ಹೇಳುತ್ತಾರೆ. ಅದು ಒಳಗಿನಿಂದ ಮ್ಯಾಜಿಕ್ ಪ್ಯಾಕೆಟ್ ಕೂಗುತ್ತದೆ. ದೊಡ್ಡ ತಯಾರಕರೂ ಈ ಕಡೆಗೇ ಬಂದಿದ್ದಾರೆ. ಆ್ಯಪಲ್ 2009ರಲ್ಲಿ ಸ್ನೋ ಲೆಪರ್ಡ್ ಜೊತೆಗೆ ತಂದ ಸ್ಲೀಪ್ ಪ್ರಾಕ್ಸಿ, ಮಲಗಿದ ಮ್ಯಾಕ್ ಕಂಪ್ಯೂಟರಿನ ಪರವಾಗಿ ಅದೇ ಜಾಲದ ಇನ್ನೊಂದು ಉಪಕರಣ ಉತ್ತರಿಸುತ್ತಾ ಬೇಕಾದಾಗ ಎಬ್ಬಿಸುವ ವ್ಯವಸ್ಥೆ. ಮೈಕ್ರೋಸಾಫ್ಟ್‌ನ ಕಾನ್ಫಿಗರೇಷನ್ ಮ್ಯಾನೇಜರ್ 1810ನೆಯ ಆವೃತ್ತಿಯಿಂದ, ಅದೇ ಸಬ್‌ನೆಟ್‌ನಲ್ಲಿ ಎಚ್ಚರವಿರುವ ಇನ್ನೊಂದು ಕಂಪ್ಯೂಟರಿಗೆ ಹೇಳಿ ಎಬ್ಬಿಸುವ ಕೆಲಸ ಮಾಡಿಸುತ್ತದೆ.

ಪ್ರತಿ ವಿಲ್ಯಾನ್‌ಗೂ ಒಂದು ಉಪಕರಣವೆಂದರೆ ಖರ್ಚು, ನಿರ್ವಹಣೆಯ ತಲೆನೋವು ಎಂಬ ಆಕ್ಷೇಪ ಬರುತ್ತದೆ. ಅಷ್ಟು ಉಪಕರಣಗಳು ಬೇಕಿಲ್ಲ. ಒಂದು ಸಣ್ಣ ಲಿನಕ್ಸ್ ಪೆಟ್ಟಿಗೆಯನ್ನು ಸ್ವಿಚ್‌ನ ಟ್ರಂಕ್ ಪೋರ್ಟಿಗೆ ಜೋಡಿಸಿ ಇಪ್ಪತ್ತು ವಿಲ್ಯಾನ್‌ಗಳಿಗೆ ಇಪ್ಪತ್ತು ವರ್ಚುವಲ್ ಇಂಟರ್‌ಫೇಸ್ ಮಾಡಬಹುದು. ಎಲ್ಲ ವಿಲ್ಯಾನ್‌ಗಳಲ್ಲೂ ಕಾಲಿಟ್ಟ ಪೆಟ್ಟಿಗೆಯೇ ಭದ್ರತೆಯ ರಂಧ್ರವಾಗುವುದಿಲ್ಲವೇ ಎಂಬ ಮರುಪ್ರಶ್ನೆ ತೂಕದ್ದು. ಅದಕ್ಕೆ ಉತ್ತರ ಮ್ಯಾಜಿಕ್ ಪ್ಯಾಕೆಟ್ಟಿನ ಸರಳತೆಯಲ್ಲಿದೆ: ಅದಕ್ಕೆ ಐಪಿ ಬೇಕಿಲ್ಲ ಎಂದೆವಲ್ಲ, ಹಾಗಾಗಿ ಈ ಇಪ್ಪತ್ತು ಇಂಟರ್‌ಫೇಸ್‌ಗಳಿಗೆ ಐಪಿ ವಿಳಾಸ ಕೊಡುವ ಅಗತ್ಯವೇ ಇಲ್ಲ. ಈಥರ್‌ವೇಕ್‌ನಂಥ ಸಾಧನ ಬರಿಯ ಈಥರ್‌ನೆಟ್ ಫ್ರೇಮನ್ನು ಹೇಳಿದ ಇಂಟರ್‌ಫೇಸಿನಿಂದ ಹೊರಡಿಸುತ್ತದೆ. ನಿರ್ವಹಣೆಯ ವಿಲ್ಯಾನ್‌ನಲ್ಲಿ ಮಾತ್ರ ಒಂದು ಐಪಿ, ಅಲ್ಲಿಗೆ ಎಸ್‌ಎಸ್‌ಎಚ್ ಮೂಲಕ ಮಾತ್ರ ಪ್ರವೇಶ, ಪ್ಯಾಕೆಟ್ ಫಾರ್ವರ್ಡಿಂಗ್ ಬಂದ್, ಯಾರು ಯಾವಾಗ ಯಾರನ್ನು ಎಬ್ಬಿಸಿದರು ಎಂಬ ದಾಖಲೆ. ಡೈರೆಕ್ಟೆಡ್ ಬ್ರಾಡ್‌ಕಾಸ್ಟ್ ತೆರೆದಿಟ್ಟ ರೂಟರಿನಲ್ಲಿ ಇಷ್ಟು ಹಿಡಿತ ಸಿಗುವುದಿಲ್ಲ. ಮ್ಯಾಜಿಕ್ ಪ್ಯಾಕೆಟ್ಟಿಗೆ ಯಾರು ಕಳಿಸಿದರೆಂಬ ಗುರುತೇ ಇಲ್ಲ. ಕೆಲವು ಕಾರ್ಡುಗಳಲ್ಲಿರುವ ಸೆಕ್ಯೂರ್‌ಆನ್ ಪಾಸ್‌ವರ್ಡ್ ಕೂಡ 6 ಬೈಟ್ ಉದ್ದದ್ದು, ಮರೆಮಾಚದೆ ತಂತಿಯ ಮೇಲೆ ಹೋಗುವಂಥದ್ದು.

ಅನುಭವಿ ನೆಟ್‌ವರ್ಕ್ ನಿರ್ವಾಹಕರ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಡೈರೆಕ್ಟೆಡ್ ಬ್ರಾಡ್‌ಕಾಸ್ಟನ್ನು ಎಲ್ಲರಿಗೂ ತೆರೆಯಬೇಕಾಗಿಲ್ಲ, ಅಕ್ಸೆಸ್ ಲಿಸ್ಟ್ ಹಾಕಿ ಒಂದೇ ಸರ್ವರಿನಿಂದ ಬಂದ 9ನೆಯ ಪೋರ್ಟಿನ ಪ್ಯಾಕೆಟ್ಟಿಗೆ ಮಾತ್ರ ಬಿಡಬಹುದು ಎನ್ನುತ್ತಾರೆ. ಇದು ಸತ್ಯ. ಒಂದೇ ಕೋರ್ ಸ್ವಿಚ್ ಇರುವ, ಎಲ್ಲ ವಿಲ್ಯಾನ್‌ಗಳೂ ಅದರಲ್ಲೇ ಕೂಡುವ ಸಣ್ಣ ಸಂಸ್ಥೆಗೆ ಇದೇ ಮೇಲು. ಹೊಸ ಪೆಟ್ಟಿಗೆ ಬೇಕಿಲ್ಲ, ಎರಡು ಸಾಲಿನ ಬದಲಾವಣೆ ಸಾಕು. ಆದರೆ ಮೂರು ಕಟ್ಟಡ, ಎರಡು ಫೈರ್‌ವಾಲ್, ಬೇರೆ ಬೇರೆ ಕಂಪನಿಗಳ ರೂಟರ್ ಇರುವ ಕಡೆ ಆ ಎರಡು ಸಾಲು ಹತ್ತಾರು ಜಾಗಗಳಲ್ಲಿ ಇರಬೇಕಾಗುತ್ತದೆ, ಕೆಲವು ಫೈರ್‌ವಾಲ್‌ಗಳಲ್ಲಿ ಆ ಸೌಲಭ್ಯವೇ ಇರುವುದಿಲ್ಲ, ಮುಂದಿನ ಫರ್ಮ್‌ವೇರ್ ಬದಲಾವಣೆಯಲ್ಲಿ ಒಂದು ಸಾಲು ಬಿಟ್ಟುಹೋದರೂ ಮತ್ತೆ ಮೊದಲಿನಿಂದ ಹುಡುಕಾಟ. ಐಪಿವಿ6ನಲ್ಲಂತೂ ಬ್ರಾಡ್‌ಕಾಸ್ಟ್ ಎಂಬುದೇ ಇಲ್ಲ. ಎಲ್ಲ ಯಂತ್ರಗಳಿಗೂ ಕೇಳಿಸುವ ಮಲ್ಟಿಕಾಸ್ಟ್ ವಿಳಾಸ ಒಂದೇ ಲಿಂಕಿಗೆ ಸೀಮಿತ. ಜಾಲದೊಳಗಿನ ಪ್ರತಿನಿಧಿ ಅಲ್ಲೂ ಕೆಲಸ ಮಾಡುತ್ತದೆ.

ಇಂಟೆಲ್‌ನ ವಿ-ಪ್ರೋ (vPro) ಕಂಪ್ಯೂಟರ್‌ಗಳಲ್ಲಿ 2006ರಿಂದ ಬರುತ್ತಿರುವ ಎಎಂಟಿ ತಂತ್ರಜ್ಞಾನ ಈ ಗೋಜನ್ನೇ ತಪ್ಪಿಸುತ್ತದೆ ಎಂಬ ಮಾತೂ ಇದೆ. ಅದರಲ್ಲಿ ಆಫಾದ ಯಂತ್ರದೊಳಗೂ ಪುಟ್ಟ ಪ್ರೊಸೆಸರೊಂದು ಎಚ್ಚರವಿದ್ದು ಟಿಸಿಪಿ ಸಂಪರ್ಕಕ್ಕೆ ಉತ್ತರಿಸುವುದರಿಂದ ರೂಟರ್ ಅಡ್ಡಿಯಾಗುವುದಿಲ್ಲ. ಆದರೆ ಎಲ್ಲ ಯಂತ್ರಗಳಲ್ಲೂ ಅದಿಲ್ಲ, ಇದ್ದಲ್ಲೂ ಒಂದೊಂದನ್ನೂ ಮುಂಚೆಯೇ ಸಿದ್ಧಗೊಳಿಸಬೇಕು. 2017ರ ಮೇ ತಿಂಗಳಲ್ಲಿ ಬಯಲಾದ ದೋಷವೊಂದು ಪಾಸ್‌ವರ್ಡ್ ಇಲ್ಲದೆಯೇ ಎಎಂಟಿಯೊಳಗೆ ನುಗ್ಗಲು ಅವಕಾಶ ಕೊಟ್ಟಿತ್ತು. ಸದಾ ಎಚ್ಚರವಿರುವ ಇಂಥ ಭಾಗಕ್ಕೆ ಕಾಲಕಾಲಕ್ಕೆ ಫರ್ಮ್‌ವೇರ್ ದುರಸ್ತಿ ಮಾಡಬಲ್ಲ ಸಂಸ್ಥೆಗಳಿಗೆ ಮಾತ್ರ ಅದು ಹೊಂದುತ್ತದೆ. ಇನ್ನು ಯಂತ್ರಗಳನ್ನು ಆಫ್ ಮಾಡದೆ ಬಿಟ್ಟರಾಯಿತು ಎಂಬ ಮಾತು. 2020ರ ಲಾಕ್‌ಡೌನ್‌ನಲ್ಲಿ ಮನೆಯಿಂದ ಕಚೇರಿಯ ಡೆಸ್ಕ್‌ಟಾಪ್‌ಗೆ ಸಂಪರ್ಕ ಪಡೆಯಬೇಕಾದಾಗ ಇದು ತುರ್ತಿನ ಉಪಾಯವಾಗಿ ಕಂಡಿದ್ದರೆ ತಪ್ಪೇನಿಲ್ಲ. ಅದೇ ಅಭ್ಯಾಸವಾದರೆ, ಸುಮ್ಮನೆ ನಿಂತಾಗ 40 ವ್ಯಾಟ್ ಬಳಸುವ 300 ಯಂತ್ರಗಳು ರಾತ್ರಿಯ 14 ಗಂಟೆಗಳಲ್ಲಿ 168 ಯೂನಿಟ್ ವಿದ್ಯುತ್ತನ್ನು ಯಾರಿಗೂ ಉಪಯೋಗವಾಗದೆ ಸುಡುತ್ತವೆ. ಪ್ರತಿದಿನ.

ಕಾಲೇಜು, ಆಸ್ಪತ್ರೆ, ಕಚೇರಿಗಳ ಜಾಲ ನೋಡಿಕೊಳ್ಳುವವರಲ್ಲಿ ಒಂದು ವಿನಂತಿ. ಹೊಸ ವಿಲ್ಯಾನ್ ತೆರೆಯುವಾಗ ಡಿಎಚ್‌ಸಿಪಿ ಎಲ್ಲಿಂದ, ಗೇಟ್‌ವೇ ಯಾವುದು ಎಂದು ಬರೆಯುವ ಅದೇ ಹಾಳೆಯಲ್ಲಿ ಇಲ್ಲಿನ ಯಂತ್ರಗಳನ್ನು ಎಬ್ಬಿಸುವ ಪ್ರತಿನಿಧಿ ಯಾವುದು ಎಂಬ ಸಾಲನ್ನೂ ಸೇರಿಸಿ. ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದು ಸಹಿ ಹಾಕುವ ಮುನ್ನ ಯಂತ್ರವನ್ನು ಒಂದಿಡೀ ರಾತ್ರಿ ಆಫ್ ಮಾಡಿಟ್ಟು ಬೆಳಿಗ್ಗೆ ಪರೀಕ್ಷಿಸಿ.